ಗಲಡ್ರಿಯೆಲ್ ಹೆಸರಿನಲ್ಲಿ ಮರವಿದೆಯೇ? ಎಲ್ವಿಷ್ ಪದಗಳ ವ್ಯುತ್ಪತ್ತಿಯ ಬಗ್ಗೆ ಒಂದು ಸಂದೇಹ

ಪ್ರಶ್ನಾರ್ಥಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯನ್ನು ಮತ್ತೆ ಓದುತ್ತಿದ್ದೇನೆ. ಈ ಸಲ ಕಥೆಗಿಂತ ಹೆಚ್ಚಾಗಿ ಅದರಲ್ಲಿ ಬರುವ ಎಲ್ವಿಷ್ ಹೆಸರುಗಳು, ಅಂದರೆ ಎಲ್ಫ್ ಎಂಬ ಕಾಲ್ಪನಿಕ ಜನಾಂಗದವರಿಗಾಗಿ ಟೋಲ್ಕಿನ್ ಕಟ್ಟಿದ ಭಾಷೆಗಳ ಹೆಸರುಗಳು, ನನ್ನನ್ನು ಹಿಡಿದು ನಿಲ್ಲಿಸುತ್ತಿವೆ. ಲೋಥ್‌ಲೋರಿಯೆನ್ ಕಾಡಿನ ಒಡತಿಯಾದ ಗಲಡ್ರಿಯೆಲ್‌ಳ ಹೆಸರಿನ ಅರ್ಥವನ್ನು ಅಂತರಜಾಲದ ಪದಕೋಶಗಳಲ್ಲಿ ಹುಡುಕಿದಾಗ ಒಂದು ಕಡೆ ‘ಮರಗಳ ಒಡತಿ’ ಎಂದೂ ಮತ್ತೊಂದು ಕಡೆ ‘ಹೊಳೆಯುವ ಮಾಲೆಯನ್ನು ಮುಡಿದ ಕನ್ಯೆ’ ಎಂದೂ ಕಂಡಿತು. ಆಕೆ ಆಳುವ ಜನರನ್ನು ‘ಮರದ ಜನ’ ಎಂಬ ಅರ್ಥದಲ್ಲಿ ಗಲದ್‌ರಿಮ್ ಎಂದು ಕರೆಯುತ್ತಾರೆ, ಅವರ ನಗರಕ್ಕೆ ಕರಸ್ ಗಲದೊನ್ ಎಂಬ ಹೆಸರಿದೆ, ಅವರು ಮರಗಳ ಮೇಲೆಯೇ ವಾಸಿಸುತ್ತಾರೆ. ಹೀಗಿರುವಾಗ ಮೊದಲನೆಯ ಅರ್ಥವೇ ಸರಿಯೆಂದು ನನಗೆ ತೋರುತ್ತದೆ.

ಇದರ ಜೊತೆಗೆ ಇನ್ನೂ ಮೂಲಭೂತವಾದ ಒಂದು ಸಂದೇಹವಿದೆ. ಕನ್ನಡದ ಪದವೊಂದರ ಮೂಲವನ್ನು ಹುಡುಕುವುದೆಂದರೆ ನಿಜವಾಗಿ ಆಡುತ್ತಿದ್ದ ಜನರ ನಾಲಿಗೆಯ ಮೇಲೆ ಅದು ಹೇಗೆ ಬದಲಾಯಿತೆಂದು ಹುಡುಕುವುದು. ಒಬ್ಬ ವ್ಯಕ್ತಿ ತನ್ನ ಮೇಜಿನ ಮುಂದೆ ಕುಳಿತು ಕಟ್ಟಿದ ಭಾಷೆಗೆ ‘ಧಾತು’, ಅಂದರೆ ಪದಗಳು ಹುಟ್ಟುವ ಮೂಲರೂಪ, ಎಂಬುದು ಇರಲು ಸಾಧ್ಯವೇ? ಇದ್ದರೂ, ಕಟ್ಟಿದವರು ಒಬ್ಬರೇ ಆಗಿರುವಾಗ ಒಂದೇ ಪದಕ್ಕೆ ಎರಡು ಉತ್ತರಗಳು ಹೇಗೆ ಹುಟ್ಟುತ್ತವೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಧಾತುಪಾಠಿ ಉತ್ತರಿಸಿದ್ದಾರೆ:

ಹೆಸರಿನ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಎರಡನೆಯ ಸಂದೇಹಕ್ಕೂ ಅರ್ಧದಷ್ಟು ಉತ್ತರ ಅದರಲ್ಲಿಯೇ ದೊರೆಯುತ್ತದೆ. ನೀವು ಪ್ರಶ್ನೆಯಲ್ಲಿ ಗಲಡ್ರಿಯೆಲ್ ಎಂಬಲ್ಲಿ ಡಕಾರವನ್ನೂ ಗಲದ್‌ರಿಮ್ ಎಂಬಲ್ಲಿ ದಕಾರವನ್ನೂ ಬಳಸಿದ್ದೀರಿ. ತಿಳಿದು ಬರೆದಿರೋ ಕೈತಪ್ಪಿ ಹಾಗಾಯಿತೋ ಕಾಣೆ, ಆದರೆ ಇಡೀ ವಾದ ನಿಂತಿರುವುದು ಆ ಒಂದು ವ್ಯತ್ಯಾಸದ ಮೇಲೆಯೇ. ಸಿಂಡರಿನ್ ಎಂಬ ಎಲ್ವಿಷ್ ಭಾಷೆಯಲ್ಲಿ ‘ಗಲದ್’ ಎಂದರೆ ಮರ. ಇಂಗ್ಲಿಷರು ‘ದಿಸ್’ ಎನ್ನುವಾಗ ಮೊದಲಿಗೆ ಬರುವ ಧ್ವನಿಯೇ ಅದರ ಕೊನೆಯ ಧ್ವನಿ, ಮತ್ತು ರೋಮನ್ ಲಿಪಿಯಲ್ಲಿ ಅದನ್ನು ಡಿ, ಎಚ್ ಎಂಬ ಎರಡು ಅಕ್ಷರಗಳಿಂದ ಸೂಚಿಸುತ್ತಾರೆ. ‘ಗಲಡ್’ ಎಂಬುದು ಬೇರೆಯೇ ಪದ, ಅದರ ಅರ್ಥ ಬೆಳಕು, ಹೊಳಪು. ಗಿಲ್-ಗಲಡ್ ಎಂಬ ಎಲ್ಫ್ ದೊರೆಯ ಹೆಸರಿನಲ್ಲಿರುವುದು ಇದೇ. ‘ಗಿಲ್’ ಎಂದರೆ ನಕ್ಷತ್ರ. 1954ರ ಮೊದಲ ಆವೃತ್ತಿಯಲ್ಲಿ ಮರದ ಪದವನ್ನೂ ಒಂದೇ ಡಿ ಅಕ್ಷರದಿಂದ ಅಚ್ಚು ಮಾಡಲಾಗಿತ್ತು, ಎರಡಕ್ಷರದ ಕಾಗುಣಿತ ಇಂಗ್ಲಿಷ್ ಓದುಗರ ಕಣ್ಣಿಗೆ ಒರಟಾಗಿ ಕಾಣುತ್ತದೆಂಬುದು ಟೋಲ್ಕಿನ್ ಅವರ ಅಳುಕಾಗಿತ್ತು. ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ತಿದ್ದಿದರು. ಅಷ್ಟರಲ್ಲಿ ಗೊಂದಲವು ಓದುಗರ ನಡುವೆ ಹರಡಿಯಾಗಿತ್ತು. ರೋಮನ್ ಲಿಪಿಗೆ ಇಲ್ಲದ ಅನುಕೂಲವೊಂದು ನಮಗಿದೆ: ಡ ಮತ್ತು ದ ಎಂದು ಬೇರೆ ಬೇರೆಯಾಗಿ ಬರೆದರೆ ಸಾಕು.

ಈಗ ಧಾತುವಿನ ಮಾತು. ಟೋಲ್ಕಿನ್ ಎರಡು ಪ್ರಮುಖ ಎಲ್ವಿಷ್ ಭಾಷೆಗಳನ್ನು, ಅಂದರೆ ಫಿನ್ನಿಷ್‌ನ ನಾದವನ್ನು ನೆನಪಿಸುವ ಕ್ವೆನ್ಯ ಮತ್ತು ವೆಲ್ಷ್‌ನ ನಾದವನ್ನು ನೆನಪಿಸುವ ಸಿಂಡರಿನ್‌ಗಳನ್ನು, ಪ್ರತ್ಯೇಕವಾಗಿ ಕಟ್ಟಲಿಲ್ಲ. ಎರಡಕ್ಕೂ ತಾಯಿಯಾದ ಒಂದು ಮೂಲ ಎಲ್ವಿಷ್ ಭಾಷೆಯನ್ನು ಊಹಿಸಿ, ಅದರ ಧಾತುಗಳಿಂದ ನಿಶ್ಚಿತವಾದ ಧ್ವನಿನಿಯಮಗಳ ಮೂಲಕ ಎರಡೂ ಭಾಷೆಗಳ ಪದಗಳನ್ನು ಇಳಿಸಿದರು. ‘ಪಾಲು’ ಎಂಬುದು ‘ಹಾಲು’ ಆದಾಗ ‘ಪೂ’ ಎಂಬುದು ‘ಹೂ’ ಆಗಲೇಬೇಕು, ‘ಪುಲಿ’ಯು ‘ಹುಲಿ’ ಆಗಲೇಬೇಕು ಎಂಬ ಬಗೆಯ ನಿಯಮಗಳೇ ಇವು. ಮರಕ್ಕೆ ಮೂಲರೂಪ ‘ಗಲಡಾ’. ಕ್ವೆನ್ಯದಲ್ಲಿ ಪದಾದಿಯ ಗಕಾರ ಉದುರುತ್ತದೆ, ನಡುವಣ ಸ್ವರ ಲೋಪವಾಗುತ್ತದೆ. ಹಾಗಾಗಿ ಅಲ್ಲಿ ಮರಕ್ಕೆ ‘ಅಲ್ಡ’ ಎನ್ನುತ್ತಾರೆ. ಸಿಂಡರಿನ್‌ನಲ್ಲಿ ಗಕಾರ ಉಳಿಯುತ್ತದೆ, ಕೊನೆಯ ಸ್ವರ ಉದುರುತ್ತದೆ, ಸ್ವರಗಳ ನಡುವಿನ ಡಕಾರ ಸಡಿಲಗೊಂಡು ದಕಾರವಾಗುತ್ತದೆ, ಹಾಗಾಗಿ ‘ಗಲದ್’. ಕಲ್ಲಿಗೆ ಕ್ವೆನ್ಯದಲ್ಲಿ ‘ಒಂಡೊ’, ಸಿಂಡರಿನ್‌ನಲ್ಲಿ ‘ಗೊಂಡ್’ ಎಂಬ ಪದಗಳಿರುವುದೂ ಪದಾದಿಯ ಗಕಾರದ ಇದೇ ನಿಯಮದಿಂದ. ಕಥೆಯಲ್ಲಿ ಮನುಷ್ಯರ ರಾಜ್ಯವಾದ ಗೊಂಡೊರ್ ಎಂದರೆ ಕಲ್ಲಿನ ನಾಡು.

ಹಾಗಾದರೆ ಸಿಂಡರಿನ್‌ನಲ್ಲಿ ಸ್ವರದ ನಂತರ ಈಗ ಕಾಣುವ ಡಕಾರ ಎಲ್ಲಿಂದ ಬಂತು? ಅದು ಮೂಲದಲ್ಲಿ ಟಕಾರವಾಗಿತ್ತು. ಮನುಷ್ಯನಿಗೆ ಕ್ವೆನ್ಯದಲ್ಲಿ ‘ಅಟನ್’, ಸಿಂಡರಿನ್‌ನಲ್ಲಿ ‘ಅಡನ್’ ಎನ್ನುವುದನ್ನು ನೋಡಿದರೆ ನಿಯಮ ತಿಳಿಯುತ್ತದೆ. ಎಂದಮೇಲೆ ‘ಗಲಡ್’ ಎಂಬ ಬೆಳಕಿನ ಹಿಂದೆ ಟಕಾರವುಳ್ಳ ರೂಪವೊಂದು ಇರಬೇಕು. ಗಲಡ್ರಿಯೆಲ್‌ಳ ಹೆಸರು ಟೆಲೆರಿನ್ ಎಂಬ ಮೂರನೆಯ ಸೋದರಭಾಷೆಯಲ್ಲಿ ‘ಅಲಟಾರಿಯೆಲ್’ ಎಂದೇ ಇದೆ, ಟಕಾರದೊಡನೆ. ಹೆಸರಿನಲ್ಲಿ ಮರವಿದ್ದಿದ್ದರೆ ಅಲ್ಲಿ ಟಕಾರ ಕಾಣಿಸಿಕೊಳ್ಳಲು ಯಾವ ಕಾರಣವೂ ಇರಲಿಲ್ಲ. ಉಳಿದ ‘ರಿಯೆಲ್’ ಭಾಗಕ್ಕೆ ಮಾಲೆ ಮುಡಿದವಳು ಎಂದರ್ಥ. ಹೆಣೆ, ಸುತ್ತು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಆಕೆಯ ಹೊಂಗೂದಲನ್ನು ಕಂಡು ಪತಿ ಕೆಲೆಬೊರ್ನ್ ಇಟ್ಟ ಹೆಸರೆಂದು ಟೋಲ್ಕಿನ್ ಬರೆದಿದ್ದಾರೆ. ಆದ್ದರಿಂದ ನಿಮ್ಮ ಎರಡನೆಯ ಪದಕೋಶವೇ ಸರಿ.

ಕರಡುಪ್ರಿಯೆ ಉತ್ತರಿಸಿದ್ದಾರೆ:

ಧಾತುಪಾಠಿಯವರ ವಿವರಣೆಯಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ, ಆದರೆ ಅವರ ಕೊನೆಯ ವಾಕ್ಯವನ್ನು ನಾನು ಒಪ್ಪಲಾರೆ. ಮೊದಲನೆಯ ಪದಕೋಶವೂ ಗಾಳಿಯಿಂದ ಹಿಡಿದು ಬರೆದದ್ದಲ್ಲ. ಟೋಲ್ಕಿನ್ ಅವರ ಮಗ ಕ್ರಿಸ್ಟೋಫರ್ 1989ರಲ್ಲಿ ಪ್ರಕಟಿಸಿದ ಕರಡುಗಳನ್ನು ನೋಡಿದರೆ, ಲೋಥ್‌ಲೋರಿಯೆನ್ ಅಧ್ಯಾಯವನ್ನು ಬರೆಯುವಾಗ ಆ ದಂಪತಿಗಳಿಗೆ ಹೆಸರನ್ನು ಹುಡುಕುತ್ತ ಟೋಲ್ಕಿನ್ ಹಲವು ರೂಪಗಳನ್ನು ಗೀಚಿ ಹೊಡೆದುಹಾಕಿದ್ದು ಕಾಣುತ್ತದೆ. ಅವುಗಳಲ್ಲಿ ಒಂದು ಜೋಡಿ ‘ಗಲಥಿರ್’ ಮತ್ತು ‘ಗಲದ್ರಿಯೆನ್’. ಇವುಗಳ ಪಕ್ಕದಲ್ಲಿ ಅವರೇ ಮರದೊಡೆಯ, ಮರದೊಡತಿ ಎಂಬ ಅರ್ಥವನ್ನು ಬರೆದಿದ್ದಾರೆ. ಅಂದರೆ ಲೇಖಕರ ಮನಸ್ಸಿನಲ್ಲಿ ಆ ಹೆಸರು ಹುಟ್ಟಿದಾಗ ಅದರಲ್ಲಿ ಮರವಿತ್ತು. ಮುಂದೆ ಹೆಸರಿನ ರೂಪ ಗಲಡ್ರಿಯೆಲ್ ಎಂದು ಗಟ್ಟಿಯಾಯಿತು, ಪಾತ್ರವೂ ಬೆಳೆಯಿತು. ಆಕೆ ಆ ಕಾಡಿಗಿಂತ ಬಹಳ ಹಳೆಯವಳು, ಕಡಲಾಚೆಯ ಬೆಳಕಿನ ನಾಡಿನಿಂದ ಬಂದವಳು ಎಂದಾದ ಮೇಲೆ, ಹೆಸರು ಕಾಡಿಗೆ ಬರುವ ಮುನ್ನವೇ ಆಕೆಗೆ ಇದ್ದಿರಬೇಕಾಯಿತು. ಆಗ ಬೆಳಕಿನ ವ್ಯುತ್ಪತ್ತಿ ಬಂತು.

ನನಗೆ ಇದರಲ್ಲಿ ಅತ್ಯಂತ ಇಷ್ಟವಾಗುವುದು ಮುಂದಿನ ಹೆಜ್ಜೆ. ತಾವು ಕೈಬಿಟ್ಟ ಮರವನ್ನು ಟೋಲ್ಕಿನ್ ಎಸೆಯಲಿಲ್ಲ. ಲೋರಿಯೆನ್‌ನ ಹೊರಗಿನವರು ಅರ್ಥ ತಿಳಿಯದೆ ಆಕೆಯನ್ನು ಮರದ ಜನರೊಡನೆ ತಳುಕುಹಾಕಿ ‘ಗಲದ್ರಿಯೆಲ್’ ಎಂದು ಉಚ್ಚರಿಸತೊಡಗಿದರು ಎಂದು ಕಥೆಯೊಳಗೇ ಬರೆದರು. ತಮ್ಮದೇ ಹಳೆಯ ವ್ಯುತ್ಪತ್ತಿಯನ್ನು ಜನಪದ ವ್ಯುತ್ಪತ್ತಿಯನ್ನಾಗಿ ಮಾಡಿ ಪಾತ್ರಗಳ ಬಾಯಿಗೆ ಹಾಕಿದರೆನ್ನಬಹುದು. ಪ್ರಶ್ನಾರ್ಥಿಯವರು ಮಾಡಿರುವ ಊಹೆ ಆ ಲೋಕದ ಜನರೂ ಮಾಡಿದ ಊಹೆಯೇ.

ಆದ್ದರಿಂದ ‘ಈ ಪದದ ಮೂಲವೇನು’ ಎಂದು ಕೇಳುವಾಗ ಯಾವ ಚರಿತ್ರೆಯಲ್ಲಿ ಎಂಬುದನ್ನೂ ಹೇಳಬೇಕು. ಒಂದು ಕಥೆಯೊಳಗಿನ ಚರಿತ್ರೆ. ಅಲ್ಲಿ ಎಲ್ಫ್‌ಗಳ ಬಾಯಲ್ಲಿ ಸಾವಿರಾರು ವರ್ಷಗಳಲ್ಲಿ ಧ್ವನಿಗಳು ಬದಲಾಗುತ್ತವೆ. ಇನ್ನೊಂದು 1915ರ ಸುಮಾರಿನ ಮೊದಲ ಕ್ವೆನ್ಯ ಪದಪಟ್ಟಿಯಿಂದ 1973ರಲ್ಲಿ ಲೇಖಕರು ತೀರಿಕೊಳ್ಳುವವರೆಗಿನ ಹೊರಗಿನ ಚರಿತ್ರೆ. ಅಲ್ಲಿ ಬದಲಾಗುವುದು ಒಬ್ಬ ಮನುಷ್ಯನ ಅಭಿಪ್ರಾಯ. ಧಾತುಗಳ ಅನುಕ್ರಮದಲ್ಲಿ ಜೋಡಿಸಿರುವ ಅವರ ಅತಿ ಪ್ರಸಿದ್ಧವಾದ ಪದಮೂಲ ಸಂಗ್ರಹವು 1937–38ರ ಹೊತ್ತಿನದು, 1987ರಲ್ಲಿ ಅಚ್ಚಾಯಿತು. ಅದರಲ್ಲಿ ನಾವು ಇಂದು ಸಿಂಡರಿನ್ ಎನ್ನುವ ಭಾಷೆಗೆ ನೊಲ್ಡೊರಿನ್ ಎಂಬ ಹೆಸರಿದೆ, ಅದನ್ನಾಡುವ ಜನರೂ ಬೇರೆ. 1950ರ ಆಸುಪಾಸಿನಲ್ಲಿ ಟೋಲ್ಕಿನ್ ಆ ಭಾಷೆಯನ್ನು ಹೆಚ್ಚು ಕಡಿಮೆ ಇಡಿಯಾಗಿ ಎತ್ತಿ, ಕಡಲಾಚೆಗೆ ಹೋಗದೆ, ಕಥೆ ನಡೆಯುವ ಮಧ್ಯಭೂಮಿಯಲ್ಲಿಯೇ ಉಳಿದ ಎಲ್ಫ್‌ಗಳ ಭಾಷೆಯನ್ನಾಗಿ ಮಾಡಿದರು. ಕೆಲವು ಧ್ವನಿನಿಯಮಗಳೂ ಆಗ ಬದಲಾದವು. ವರ್ಷವನ್ನು ನಮೂದಿಸದೆ ಎಲ್ಲವನ್ನೂ ಒಂದೇ ಅಕಾರಾದಿಯಲ್ಲಿ ಸುರಿಯುವ ಪದಕೋಶಗಳು ಈ ಎರಡು ಚರಿತ್ರೆಗಳನ್ನು ಕಲಸಿಬಿಡುತ್ತವೆ. ಪ್ರತಿ ರೂಪದ ಎದುರು ಅದು ಯಾವ ಕಾಲದ ಬರಹದ್ದೆಂದು ತೋರಿಸದ ಪದಕೋಶವನ್ನು ನಾನು ನೆಚ್ಚುವುದಿಲ್ಲ.

ಕಡಲತಡಿಯವ ಉತ್ತರಿಸಿದ್ದಾರೆ:

ಕರಡುಪ್ರಿಯೆಯವರು ಹೇಳಿದ ಹೊರಗಿನ ಚರಿತ್ರೆಗೆ ಇನ್ನೊಂದು ಉದಾಹರಣೆಯನ್ನು ಸೇರಿಸುತ್ತೇನೆ. ತುಳು, ತೆಲುಗು ಬಲ್ಲ ಕನ್ನಡಿಗರಿಗೆ ಇದು ಬೇಗ ಹಿಡಿಸುತ್ತದೆ. ಕಥಾನಾಯಕ ಫ್ರೋಡೋ ಕಾಡಿನಲ್ಲಿ ಎದುರಾದ ಎಲ್ಫ್‌ಗಳಿಗೆ ಕ್ವೆನ್ಯದಲ್ಲಿ ವಂದಿಸುತ್ತಾನೆ: ನಮ್ಮ ಭೇಟಿಯ ಗಳಿಗೆಯ ಮೇಲೆ ನಕ್ಷತ್ರವೊಂದು ಹೊಳೆಯುತ್ತಿದೆ ಎಂದು. ಆ ವಾಕ್ಯದ ಕೊನೆಯ ಪದ ಮೊದಲ ಆವೃತ್ತಿಯಲ್ಲಿ ‘ಒಮೆಂಟಿಯೆಲ್ಮೊ’ ಎಂದಿತ್ತು, ಮುಂದೆ ಅದು ‘ಒಮೆಂಟಿಯೆಲ್ವೊ’ ಆಯಿತು. ಅಚ್ಚಿನ ತಪ್ಪನ್ನು ತಿದ್ದಿದ್ದೆಂದು ಮೇಲ್ನೋಟಕ್ಕೆ ತೋರಬಹುದು. ನಡೆದದ್ದೇನೆಂದರೆ, ಕೇಳುವವನನ್ನು ಒಳಗೊಂಡ ‘ನಾವು’ ಮತ್ತು ಅವನನ್ನು ಹೊರಗಿಟ್ಟ ‘ನಾವು’ ಎಂಬೆರಡು ಸರ್ವನಾಮಗಳ ಪ್ರತ್ಯಯಗಳನ್ನು ಟೋಲ್ಕಿನ್ ಮರುಹಂಚಿಕೆ ಮಾಡಿದ್ದರು. ತುಳುವಿನ ‘ನಮ’ ಮತ್ತು ‘ಎಂಕುಲು’, ತೆಲುಗಿನ ‘ಮನಮು’ ಮತ್ತು ‘ಮೇಮು’ ಇವುಗಳ ನಡುವಿನ ಭೇದವೇ ಇದು. ಹೊಸ ಹಂಚಿಕೆಯ ಪ್ರಕಾರ ಹಳೆಯ ರೂಪವು ಎದುರಿಗಿರುವವನನ್ನು ಹೊರಗಿಟ್ಟ ‘ನಮ್ಮ’ ಆಗಿಬಿಡುತ್ತಿತ್ತು. ಎದುರಾದವನಿಗೇ ವಂದಿಸುತ್ತ ಭೇಟಿಯಿಂದ ಅವನನ್ನು ಹೊರಗಿಟ್ಟರೆ ಹೇಗೆ? ಹೀಗೆ ವ್ಯಾಕರಣ ಬದಲಾದುದರಿಂದ ಅಚ್ಚಾದ ಕೃತಿಯ ಒಂದಕ್ಷರವೂ ಬದಲಾಗಬೇಕಾಯಿತು.

ಧ್ವನಿನಿಯಮಗಳು ಬರಿಯ ಯಂತ್ರಗಳಲ್ಲ ಎಂಬುದಕ್ಕೂ ಒಂದು ಮಾತು. ಕ್ವೆನ್ಯದಲ್ಲಿ ಮೂಲದ ಥಕಾರ ಸಕಾರವಾಗುತ್ತದೆ. ಚಂದ್ರನಿಗೆ ಸಿಂಡರಿನ್‌ನಲ್ಲಿ ‘ಇಥಿಲ್’ ಎಂದಿದ್ದರೆ ಕ್ವೆನ್ಯದಲ್ಲಿ ‘ಇಸಿಲ್’. ಈ ಬದಲಾವಣೆಯನ್ನೇ ಟೋಲ್ಕಿನ್ ತಮ್ಮ ಕೊನೆಯ ವರ್ಷಗಳ ಬರಹವೊಂದರಲ್ಲಿ ಕೌಟುಂಬಿಕ ಕಲಹದ ಗುರುತನ್ನಾಗಿ ಮಾಡಿದ್ದಾರೆ. ಫೆಯಾನೊರ್ ಎಂಬ ಎಲ್ಫ್ ರಾಜಕುಮಾರನ ತಾಯಿ ಮೀರಿಯೆಲ್‌ಳ ಬಿರುದು ‘ಥೆರಿಂಡೆ’, ಕಸೂತಿಯಲ್ಲಿ ನುರಿತವಳು ಎಂದರ್ಥ. ಜನರೆಲ್ಲ ‘ಸೆರಿಂಡೆ’ ಎನ್ನತೊಡಗಿದಾಗ ಮಗನು ಅದನ್ನು ತಾಯಿಗೆ ಮಾಡಿದ ಅವಮಾನವೆಂದು ಬಗೆದು, ತಾನೂ ತನ್ನ ಮಕ್ಕಳೂ ಹಳೆಯ ಥಕಾರವನ್ನೇ ಹಟದಿಂದ ಉಳಿಸಿಕೊಂಡರು. ಒಂದು ಉಚ್ಚಾರಣೆಯಿಂದ ಯಾರು ಯಾವ ಪಕ್ಷದವರೆಂದು ತಿಳಿಯುವುದು ನಮ್ಮಲ್ಲಿ ಹೊಸ ಸಂಗತಿಯಲ್ಲವಷ್ಟೆ.

ಶಂಕಾಸುರ ಉತ್ತರಿಸಿದ್ದಾರೆ:

ಎಲ್ಲರೂ ಬಹಳ ಗಂಭೀರವಾಗಿ ಮಾತನಾಡುತ್ತಿರುವುದರಿಂದ ನನ್ನ ಹೆಸರಿಗೆ ತಕ್ಕ ಮಾತೊಂದನ್ನು ಆಡುತ್ತೇನೆ. ಧಾತುಗಳು ಮೊದಲು, ಪದಗಳು ಅನಂತರ ಎಂದು ಹೇಳುತ್ತೀರಿ. ಆದರೆ ಟೋಲ್ಕಿನ್ ಎಲ್ಲಿಂದಲೋ ಇಷ್ಟವಾದ ಪದವನ್ನು ಎತ್ತಿಕೊಂಡು ಆಮೇಲೆ ಅದಕ್ಕೊಂದು ಧಾತುವನ್ನು ಹೊಸೆದಿದ್ದಾರೆ ಎಂಬುದೇ ನನ್ನ ಅನುಮಾನ. ಕಥೆಯಲ್ಲಿ ಒಂದು ನಾಡಿಗಿರುವ ರೋಹನ್ ಎಂಬ ಹೆಸರು ಫ್ರಾನ್ಸಿನ ಬ್ರಿಟನಿ ಪ್ರಾಂತದ ಹಳೆಯ ಶ್ರೀಮಂತ ಮನೆತನದ ಹೆಸರು. ಕ್ವೆನ್ಯದಲ್ಲಿ ಲೋಕಕ್ಕೆ ‘ಅಂಬರ್’ ಎನ್ನುತ್ತಾರಂತೆ, ಅದು ನಮ್ಮ ಸಂಸ್ಕೃತದ ‘ಅಂಬರ’ವಲ್ಲದೆ ಇನ್ನೇನು? ಇಂಥದ್ದಕ್ಕೆ ವ್ಯುತ್ಪತ್ತಿ ಎನ್ನುವ ದೊಡ್ಡ ಹೆಸರೇಕೆ?

ಧಾತುಪಾಠಿ ಉತ್ತರಿಸಿದ್ದಾರೆ:

ಶಂಕಾಸುರರ ಎರಡು ಉದಾಹರಣೆಗಳು ಒಂದೇ ಜಾತಿಯವಲ್ಲ, ಆದ್ದರಿಂದ ಬಿಡಿಸಿ ಹೇಳಬೇಕು.

ಪದ ಮೊದಲು, ಧಾತು ಅನಂತರ ಎಂಬುದು ಕೆಲವು ಕಡೆ ನಿಜವೇ, ಟೋಲ್ಕಿನ್ ಅವರೇ 1967ರ ಪತ್ರದ ಕರಡೊಂದರಲ್ಲಿ ಅದನ್ನು ವಿವರಿಸಿದ್ದಾರೆ. ಎಯಾರೆಂಡಿಲ್ ಎಂಬ ನಾವಿಕನ ಹೆಸರು ಹಳೆಯ ಇಂಗ್ಲಿಷ್‌ನ ಧಾರ್ಮಿಕ ಕಾವ್ಯವೊಂದರಲ್ಲಿ ಬರುವ ‘ಎಆರೆಂಡೆಲ್’ ಎಂಬ ಪದದಿಂದ ಬಂದದ್ದು. ಅದರ ನಾದಕ್ಕೆ ಮನಸೋತು 1914ರಲ್ಲಿಯೇ ಅವರು ಆ ಹೆಸರಿನ ಮೇಲೆ ಕವಿತೆಯನ್ನು ಬರೆದಿದ್ದರು. ಆದರೆ ಅದನ್ನು ಎಲ್ವಿಷ್‌ಗೆ ಹಾಗೆಯೇ ತಂದು ಕೂಡಿಸಲಾಗದು. ಆ ಭಾಷೆಯ ಕಟ್ಟಿಗೆ ಒಗ್ಗಿಸಲು ಅದನ್ನು ಒಡೆದು ‘ಅಯರ್’ ಎಂಬ ಸಮುದ್ರವಾಚಿ ಧಾತುವನ್ನೂ, ಪ್ರೀತಿಸು, ನಿಷ್ಠೆಯಿಂದಿರು ಎಂಬ ಅರ್ಥದ ‘ಡಿಲ್’ ಧಾತುವನ್ನೂ ಪಡೆದರು. ಹೀಗೆ ಹುಟ್ಟಿದ ಧಾತು ಆ ಒಂದು ಹೆಸರಿಗೆ ನಿಲ್ಲಲಿಲ್ಲ. ಎಲೆಂಡಿಲ್, ಅಮಂಡಿಲ್ ಮುಂತಾದ ರಾಜರ ಹೆಸರುಗಳ ಕೊನೆಯಲ್ಲಿರುವುದೂ ಅದೇ ‘ಡಿಲ್’. ಸಾಲವಾಗಿ ಬಂದದ್ದು ಒಂದು ಹೆಸರು, ಅದರಿಂದ ಬೆಳೆದದ್ದು ಒಂದು ಪದಕುಟುಂಬ.

ರೋಹನ್ ಹೀಗಲ್ಲ. ಬ್ರಿಟನಿಯ ಆ ಮನೆತನದ ಹೆಸರು ತಮಗೆ ತಿಳಿದಿತ್ತು, ಅದರ ರೂಪ ಇಷ್ಟವೂ ಆಗಿತ್ತು ಎಂದು ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಕುದುರೆಗೆ ‘ರೊಖ್’ ಎಂಬ ಪದವನ್ನು ಅದಕ್ಕೂ ಬಹಳ ಹಿಂದೆಯೇ ಕಟ್ಟಿದ್ದರು; ಕ್ವೆನ್ಯದಲ್ಲಿ ಅದು ‘ರೊಕ್ಕೊ’. ಕುದುರೆಗಳ ನಾಡು ಎಂಬರ್ಥದ ‘ರೊಖಂಡ್’ ಗೊಂಡೊರ್‌ನವರ ಬಾಯಲ್ಲಿ ಮೆದುವಾಗಿ ರೋಹನ್ ಆಯಿತು. ಇಲ್ಲಿ ಹೊರಗಿನ ಹೆಸರು ಹೆಚ್ಚೆಂದರೆ ಆಯ್ಕೆಯ ಮೇಲೆ ಪ್ರಭಾವ ಬೀರಿರಬಹುದು, ಮೂಲವಾಗಿಲ್ಲ. ಕಥೆಯ ದುಷ್ಟಶಕ್ತಿಯ ‘ಕಪ್ಪು ಭಾಷೆ’ಯಲ್ಲಿ ಉಂಗುರಕ್ಕೆ ಬರುವ ‘ನಜ್ಗ್’ ಎಂಬ ಪದಕ್ಕೂ ಗೇಲಿಕ್‌ನ ‘ನಸ್ಕ್’ಗೂ ಇರುವ ಹೋಲಿಕೆಯ ಬಗ್ಗೆ ಅವರು ಇನ್ನಷ್ಟು ಉದಾರವಾಗಿದ್ದಾರೆ, ಅದು ಮನಸ್ಸಿನ ಮೂಲೆಯಲ್ಲಿ ಅರಿವಿಲ್ಲದೆ ಉಳಿದುಕೊಂಡಿದ್ದಿರಬಹುದೆಂದು ಬರೆದಿದ್ದಾರೆ.

ಇನ್ನು ‘ಅಂಬರ್’. ಇದು ಶುದ್ಧ ಆಕಸ್ಮಿಕ, ಮತ್ತು ಆಕಸ್ಮಿಕವೆಂದು ತೋರಿಸಲು ಸಾಧ್ಯವಿದೆ. ಇದರ ಧಾತು ‘ಮ್ಬರ್’, ಅಂದರೆ ವಾಸಿಸು ಎಂಬ ಅರ್ಥದ್ದು. ಆರಂಭದಲ್ಲಿಯೇ ಅನುನಾಸಿಕವುಳ್ಳ ಮ್ಬ ಎಂಬ ಕೂಡು ಧ್ವನಿ ಅದರಲ್ಲಿದೆ. ಕ್ವೆನ್ಯದಲ್ಲಿ ಪದಾದಿಯ ಆ ಜೋಡಿ ಮಕಾರವಾಗಿ ‘ಮರ್’, ಅಂದರೆ ಮನೆ, ಎಂದಾಗುತ್ತದೆ. ಎಲ್ಫ್‌ಗಳ ನೆಲೆಯಾದ ಎಲ್ಡಮರ್ ಎಂಬ ಹೆಸರಿನಲ್ಲಿ ಅದಿದೆ. ಸಿಂಡರಿನ್‌ನಲ್ಲಿ ಅದೇ ಜೋಡಿ ಬಕಾರವಾಗಿ ‘ಬಾರ್’ ಎಂದಾಗುತ್ತದೆ. ಧಾತುವಿನ ಮೊದಲಿಗೆ ಸ್ವರ ಸೇರಿದಾಗ ಕ್ವೆನ್ಯದಲ್ಲಿ ಜೋಡಿ ಹಾಗೆಯೇ ಉಳಿದು ‘ಅಂಬರ್’, ಸಿಂಡರಿನ್‌ನಲ್ಲಿ ಬಕಾರ ಕರಗಿ ‘ಅಮರ್’. ಜನ ವಾಸಿಸುವ ನೆಲ ಎಂಬುದೇ ಇದರ ಅರ್ಥ, ನಮ್ಮ ಅಂಬರವಾದರೋ ಆಕಾಶ. ಅಂಬರ್ ಎಂಬುದಕ್ಕೆ ಅಂಬರವನ್ನು ಮೂಲವೆಂದರೆ, ಅದರ ಸಿಂಡರಿನ್ ರೂಪವಾದ ಅಮರ್‌ಗೆ ಸಂಸ್ಕೃತದ ‘ಅಮರ’ವನ್ನು ಮೂಲವೆನ್ನಬೇಕಾಗುತ್ತದೆ, ಒಂದೇ ಪದಕ್ಕೆ ಎರಡು ಸಂಬಂಧವಿಲ್ಲದ ಸಂಸ್ಕೃತ ಮೂಲಗಳು!

ಪ್ರಶ್ನಾರ್ಥಿ ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ನಿಯಮಗಳನ್ನು ನಾನೇ ಒಂದು ಕಡೆ ಪರೀಕ್ಷಿಸಿ ನೋಡಲು ಯತ್ನಿಸಿದೆ. ಮೋರಿಯಾ ಎಂಬ ನೆಲದಡಿಯ ನಗರದ ಬಾಗಿಲಿನ ಮೇಲೆ ‘ಪೆಡೊ ಮೆಲ್ಲೊನ್ ಅ ಮಿನ್ನೊ’ ಎಂದಿದೆ, ‘ಮಿತ್ರ ಎಂದು ನುಡಿ, ಒಳಗೆ ಬಾ’ ಎಂಬ ಅರ್ಥದಲ್ಲಿ. ಇಲ್ಲಿ ‘ಪೆಡೊ’ ಎಂದರೆ ನುಡಿ. ಕ್ವೆನ್ಯದಲ್ಲಿ ಪದಕ್ಕೆ ‘ಕ್ವೆಟ್ಟ’ ಎನ್ನುತ್ತಾರೆಂದು ಓದಿದ್ದೇನೆ. ಅಡನ್ ಮತ್ತು ಅಟನ್‌ಗಳ ನಿಯಮದಂತೆ ಪೆಡೊದ ಡಕಾರ ಮೂಲದಲ್ಲಿ ಟಕಾರವೆಂದು ಊಹಿಸಬಹುದು. ಆದರೆ ಪಕಾರಕ್ಕೂ ‘ಕ್ವ’ ಎಂಬುದಕ್ಕೂ ಸಂಬಂಧವನ್ನು ಕಲ್ಪಿಸುವುದು ನ್ಯಾಯವೇ?

ಕರಡುಪ್ರಿಯೆ ಉತ್ತರಿಸಿದ್ದಾರೆ:

ಸಂಪೂರ್ಣ ನ್ಯಾಯ. ಎರಡಕ್ಕೂ ‘ಕ್ವೆಟ್’ ಎಂಬ ಒಂದೇ ಧಾತು. ಮೂಲದ ‘ಕ್ವ’ ಕ್ವೆನ್ಯದಲ್ಲಿ ಉಳಿಯುತ್ತದೆ, ಸಿಂಡರಿನ್‌ನಲ್ಲಿ ತುಟಿಯ ಧ್ವನಿಯಾಗುತ್ತದೆ. ಹಂಸಕ್ಕೆ ಕ್ವೆನ್ಯದಲ್ಲಿ ‘ಅಲ್ಕ್ವ’, ಸಿಂಡರಿನ್‌ನಲ್ಲಿ ‘ಅಲ್ಫ್’ ಎನ್ನುವುದನ್ನು ಇದರ ಜೊತೆಗಿಟ್ಟು ನೋಡಿ. ಲಕಾರದ ಮುಂದೆ ಆ ಪಕಾರ ಇನ್ನೊಂದು ಹೆಜ್ಜೆ ಸಡಿಲಗೊಂಡಿದೆ. ಈ ನಿಯಮವನ್ನು ಟೋಲ್ಕಿನ್ ಶೂನ್ಯದಿಂದ ಸೃಷ್ಟಿಸಲಿಲ್ಲ, ಕೆಲ್ಟಿಕ್ ಭಾಷೆಗಳಲ್ಲಿ ಅದು ನಿಜವಾಗಿ ನಡೆದಿದೆ. ನಾಲ್ಕು ಎಂಬುದಕ್ಕೆ ಲ್ಯಾಟಿನ್‌ನಲ್ಲಿ ‘ಕ್ವತ್ತುವೊರ್’ ಎಂದಿದ್ದರೆ ವೆಲ್ಷ್‌ನಲ್ಲಿ ‘ಪೆದ್ವಾರ್’ ಎನ್ನುತ್ತಾರೆ. ಐರಿಷ್‌ನಲ್ಲಿ ಮಾತ್ರ ಅದು ಕಕಾರದಿಂದಲೇ ಆರಂಭವಾಗುತ್ತದೆ. ತಾವು ಅತಿಯಾಗಿ ಮೆಚ್ಚಿದ ವೆಲ್ಷ್‌ನ ದಾರಿಯಲ್ಲಿಯೇ ಟೋಲ್ಕಿನ್ ಸಿಂಡರಿನ್‌ನನ್ನು ನಡೆಸಿದರು.

ವೆಲ್ಷ್‌ನ ಇನ್ನೊಂದು ಗುರುತು ಬಹುವಚನದಲ್ಲಿದೆ. ‘ಅಡನ್’ ಎಂಬುದಕ್ಕೆ ಬಹುವಚನ ‘ಎಡೈನ್’, ಬೆಟ್ಟವೆಂಬ ‘ಒರೊಡ್’ಗೆ ‘ಎರೆಡ್’, ಗುಡ್ಡವೆಂಬ ‘ಅಮೊನ್’ಗೆ ‘ಎಮಿನ್’. ಇವುಗಳಿಗೆ ಮೂಲದಲ್ಲಿ ಈಕಾರಾಂತ ಪ್ರತ್ಯಯವಿತ್ತು. ಅದು ಹಿಂದಿನ ಸ್ವರಗಳನ್ನು ತನ್ನ ಕಡೆಗೆ ಎಳೆದುಕೊಂಡು, ಆಮೇಲೆ ತಾನು ಉದುರಿಹೋಯಿತು. ಕ್ವೆನ್ಯದ ‘ಅಟನಿ’ ಎಂಬ ಬಹುವಚನದಲ್ಲಿ ಆ ಇಕಾರ ಇನ್ನೂ ಕಾಣುತ್ತದೆ. ನಕಾಶೆಯಲ್ಲಿ ಎರೆಡ್ ಅಥವಾ ಎಮಿನ್ ಎಂದು ಆರಂಭವಾಗುವ ಹೆಸರು ಕಂಡಲ್ಲಿ ಅದು ಒಂದು ಬೆಟ್ಟವಲ್ಲ, ಸಾಲು ಎಂದು ತಿಳಿಯಬಹುದು.